ಮಗುವಿನ ಸಮ್ಮತಿ

ವೈದ್ಯವಿಜ್ಞಾನದ ಸಂಶೋಧನೆಗೆ ಮಕ್ಕಳ ನೆರವು ಅನಿವಾರ್ಯ. ಎಳೆಯ ದೇಹವು ಬೆಳೆದ ದೇಹದ ಕಿರಿಯ ಪ್ರತಿರೂಪವಲ್ಲ. ಅದರ ಬೆಳವಣಿಗೆಯನ್ನೂ ರೋಗವನ್ನೂ ಮಕ್ಕಳಲ್ಲಿಯೇ ಅಭ್ಯಸಿಸಬೇಕು. ಆದರೆ ಪೂರ್ಣವಾಗಿ ಅರಿಯಲಾರದ ಕಾರ್ಯದಲ್ಲಿ ಮಗುವನ್ನು ಸೇರಿಸುವ ಅಧಿಕಾರ ಯಾರದು? ಈ ಪ್ರಶ್ನೆ ವೈದ್ಯರಿಗೆ ಮಾತ್ರ ಸಂಬಂಧಿಸಿದುದಲ್ಲ, ಶಿಕ್ಷಕರಿಗೂ ಸಂಬಂಧಿಸಿದುದು.

ಕುಟುಂಬಗಳ ಸಹಕಾರದಿಂದ ಎಂತಹ ಜ್ಞಾನ ದೊರೆಯಬಲ್ಲುದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ಜನನಕಾಲದ ಅಳತೆಗಳನ್ನು ಬರೆದಿಟ್ಟಿದ್ದರು. ದಶಕಗಳ ಬಳಿಕ ಆ ದಾಖಲೆಗಳನ್ನು ಹಿಡಿದು, ಅಲ್ಲಿ ಜನಿಸಿದವರನ್ನು ಹುಡುಕಿ ಪರೀಕ್ಷಿಸಿದರು. ಮತ್ತೆ 1997-98ರಲ್ಲಿ 800ಕ್ಕೂ ಮಿಕ್ಕ ಗರ್ಭಿಣಿಯರ ರಕ್ತದಲ್ಲಿನ ಸಕ್ಕರೆಯನ್ನು ಅಳೆದು, ಅವರ ಮಕ್ಕಳ ಬೆಳವಣಿಗೆಯನ್ನು ವರ್ಷವರ್ಷವೂ ಗಮನಿಸುತ್ತ ಬಂದರು. ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಕೊಬ್ಬು ಹೆಚ್ಚಾಗಿರುವುದು ಕಂಡುಬಂದಿತು. ತಾಯಿತಂದೆಯರು ಮಕ್ಕಳೊಡನೆ ಮರಳಿ ಮರಳಿ ಬಂದುದರಿಂದಲೇ ಈ ಅರಿವು ಲಭಿಸಿತು.

ಇಂತಹ ವಿಶ್ವಾಸಕ್ಕೆ ಕುಂದು ತರುವ ಘಟನೆಗಳೂ ಉಂಟು. ಆಗ ಆಂಧ್ರಪ್ರದೇಶದಲ್ಲಿದ್ದು ಈಗ ತೆಲಂಗಾಣಕ್ಕೆ ಸೇರಿರುವ ಖಮ್ಮಂ ಜಿಲ್ಲೆಯಲ್ಲಿ, 2009ರಲ್ಲಿ, 10ರಿಂದ 14 ವರ್ಷದ ಬಾಲಿಕೆಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯನ್ನು ಅಧ್ಯಯನದ ಅಂಗವಾಗಿ ಹಾಕಲಾಯಿತು. 2010ರಲ್ಲಿ ಯೋಜನೆ ಸ್ಥಗಿತಗೊಂಡಿತು. 2013ರ ಸಂಸದೀಯ ಸಮಿತಿಯ ವರದಿಯಂತೆ, ಅಲ್ಲಿನ 9,543 ಒಪ್ಪಿಗೆ ಪತ್ರಗಳಲ್ಲಿ 2,763ಕ್ಕೆ ಸಹಿ ಹಾಕಿದವರು ವಿದ್ಯಾರ್ಥಿನಿಲಯಗಳ ವಾರ್ಡನ್ನರು! ಲಸಿಕೆ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ದೋಷವಿದ್ದುದು ಒಪ್ಪಿಗೆ ಪಡೆದ ಕ್ರಮದಲ್ಲಿ. ಅನ್ನ, ವಸತಿ, ವಿದ್ಯೆಗಳನ್ನು ನೀಡಿದ ಮಾತ್ರಕ್ಕೆ ಮಗುವಿನ ದೇಹದ ಮೇಲೆ ನಮಗೆ ಅಧಿಕಾರ ಬಾರದು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ತಾಯಿತಂದೆಯರ ಅಥವಾ ಕಾನೂನುಬದ್ಧ ಪೋಷಕರ ಒಪ್ಪಿಗೆ ಅವಶ್ಯ. ಅದರೊಡನೆ, ಏಳು ತುಂಬಿದ ಮಗುವಿನ ಬಾಯಿಮಾತಿನ ಸಮ್ಮತಿಯೂ, ಹನ್ನೆರಡು ದಾಟಿದವರ ಲಿಖಿತ ಸಮ್ಮತಿಯೂ ಬೇಕು. ಹದಿನೆಂಟು ತುಂಬಿದ ಮೇಲೆ ಅವರನ್ನೇ ಮತ್ತೆ ಕೇಳಬೇಕು. ಮಗು ಬೇಡವೆಂದರೆ ಆ ಮಾತಿಗೂ ಬೆಲೆಯುಂಟು.

ಆನುವಂಶಿಕ ಸಂಶೋಧನೆಯಲ್ಲಂತೂ ಈ ಎಚ್ಚರ ಇಮ್ಮಡಿಯಾಗಿರಬೇಕು. ಒಂದು ಮಗುವಿನ ಒಂದು ಹನಿ ರಕ್ತವು ತಾಯಿ, ತಂದೆ, ಒಡಹುಟ್ಟಿದವರ ಗುಟ್ಟನ್ನೂ ಹೇಳಬಲ್ಲುದು. ಆ ಗುಟ್ಟು ಹೊರಬಿದ್ದರೆ ಮನೆಯ ಹೆಣ್ಣುಮಕ್ಕಳ ವಿವಾಹಕ್ಕೂ ತೊಡಕಾದೀತು. ಮುಪ್ಪಿನಲ್ಲಿ ಬರಬಹುದಾದ, ಚಿಕಿತ್ಸೆಯಿಲ್ಲದ ರೋಗದ ಸುಳಿವನ್ನು ಬಾಲ್ಯದಲ್ಲಿಯೇ ತಿಳಿಸಿದರೆ, ತಿಳಿಯದಿರುವ ಅದರ ಹಕ್ಕನ್ನು ಕಸಿದಂತೆ. ಆದುದರಿಂದ ರಕ್ತವನ್ನು ಏತಕ್ಕೆ ಬಳಸುವರು, ಎಷ್ಟು ಕಾಲ ಇಡುವರು, ಫಲಿತಾಂಶವನ್ನು ಯಾರಿಗೆ ತಿಳಿಸುವರು ಎಂಬುದನ್ನು ಮನೆಮಂದಿಗೆ ಅವರ ಆಡುಮಾತಿನಲ್ಲಿಯೇ ಮೊದಲು ವಿವರಿಸಬೇಕು.

ಶಿಕ್ಷಕಬಂಧುಗಳೇ, ನಾವು ಕೈಯೆತ್ತೆಂದರೆ ಮಕ್ಕಳು ಕೈಯೆತ್ತುತ್ತಾರೆ. ಆ ವಿಧೇಯತೆಯನ್ನು ಸಮ್ಮತಿಯೆಂದು ಭ್ರಮಿಸಲಾಗದು. ಸಂಶೋಧಕರು ಶಾಲೆಯ ಬಾಗಿಲಿಗೆ ಬಂದಾಗ ನಾವು ಸ್ವಾಗತಿಸೋಣ, ವಿಷಯವನ್ನು ತಿಳಿದು ಮಕ್ಕಳಿಗೂ ತಿಳಿಸೋಣ, ತಾಯಿತಂದೆಯರನ್ನು ಕರೆಸೋಣ. ಆದರೆ ಅವರ ಬದಲಿಗೆ ಸಹಿ ಮಾಡದಿರೋಣ. ಬೇಡವೆಂದ ಮಗುವನ್ನು ಗದರಿಸದೆ ತರಗತಿಗೆ ಕಳುಹಿಸೋಣ. ಪ್ರಶ್ನಿಸಲು ಕಲಿಸಿದ ಗುರುವಿಗೆ ಇದು ಭಾರವಾಗಲಾರದು.