ಮೌಸ್ ನಿಂತರೆ ಲಿನಕ್ಸ್ ಕೆಟ್ಟಿತೆ?

ಪ್ರಶ್ನೆ: ನಮ್ಮ ಊರಿನ ಕನ್ನಡ ಶಾಲೆಯ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಹಾಕಿಸಿದ್ದೇವೆ. ಪಾಠದ ನಡುವೆ ಮೌಸ್ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ, ಕೀಬೋರ್ಡ್ ಮಾತ್ರ ನಡೆಯುತ್ತದೆ. ರಿಪೇರಿಗೆ ಸಾಂಗಲಿಗೋ ವಿಜಯಪುರಕ್ಕೋ ಒಯ್ಯಬೇಕು. ಲಿನಕ್ಸ್ ತೆಗೆದು ಮತ್ತೆ ಹಾಕಿಸಬೇಕೆ?
— ಶಿಕ್ಷಕಿ, ಜತ್ತ ತಾಲೂಕು

ಉತ್ತರ: ಬೇಡ ಅಕ್ಕೋರೇ. ಕೀಬೋರ್ಡ್ ನಡೆಯುತ್ತಿದೆ ಎಂದರೆ ಲಿನಕ್ಸ್ ಎಚ್ಚರವಾಗಿಯೇ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಕೇರಳದ ಸರ್ಕಾರಿ ಶಾಲೆಗಳಲ್ಲಿ ಐಟಿ ಪಾಠ ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆದಿದೆ. ಮಕ್ಕಳ ಕೈಗೆ ಅದು ತಾಳೀತೇ ಎಂಬ ಅಂಜಿಕೆ ಬೇಕಿಲ್ಲ.

ಮೊದಲು ಮೌಸನ್ನು ಬೋರಲು ಹಾಕಿ ನೋಡಿ. ಎಂದಿನ ಕೆಂಪು ದೀಪ ಆರಿದ್ದರೆ ಕರೆಂಟೇ ತಲುಪದಿರಬಹುದು. ಕಂಪ್ಯೂಟರಿನ ಹಿಂಬದಿಯ ಬೇರೆ ಪೋರ್ಟಿಗೆ ಚುಚ್ಚಿ, ಇನ್ನೊಂದು ಕಂಪ್ಯೂಟರಿಗೂ ಹಾಕಿ ನೋಡಿ. ಎಲ್ಲೂ ನಡೆಯದಿದ್ದರೆ ಹೊಸ ಮೌಸ್ ತರಿಸಿ, ಅಲ್ಲಿಗೆ ಮುಗಿಯಿತು.

ದೀಪ ಉರಿದೂ ಪರದೆಯ ಬಾಣ ಅಲುಗದಿದ್ದರೆ ಕಂಪ್ಯೂಟರನ್ನೇ ಕೇಳಬೇಕು. ಲಿನಕ್ಸ್‌ನಲ್ಲಿ ನನಗೆ ಬಹಳ ಹಿಡಿಸಿದ ಗುಣ ಇದು: ತನಗೇನಾಯಿತೆಂದು ಅದು ಸಾಲು ಸಾಲಾಗಿ ಬರೆದಿಡುತ್ತದೆ. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿ, ಟರ್ಮಿನಲ್ ತೆರೆಯುತ್ತದೆ. ಅಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಎಸ್‌-ಯು-ಡಿ-ಓ, ಜಾಗ ಬಿಟ್ಟು ಡಿ-ಎಂ-ಇ-ಎಸ್‌-ಜಿ, ಮತ್ತೆ ಜಾಗ ಬಿಟ್ಟು ಒಂದು ಅಡ್ಡಗೆರೆ, ಅದಕ್ಕೆ ಅಂಟಿಸಿ ಡಬ್ಲ್ಯು ಬರೆದು ಎಂಟರ್ ಒತ್ತಿ. ಪಾಸ್‌ವರ್ಡ್ ಕೇಳುತ್ತದೆ. ಬರೆಯುವಾಗ ಅದರ ಅಕ್ಷರಗಳು ಪರದೆ ಮೇಲೆ ಕಾಣದಿದ್ದರೂ ಗಾಬರಿಯಾಗಬೇಡಿ.

ಈಗ ಮೌಸ್ ಕಿತ್ತು ಮತ್ತೆ ಚುಚ್ಚಿ. ಕಿತ್ತಾಗ ‘ಯುಎಸ್‌ಬಿ ಡಿಸ್‌ಕನೆಕ್ಟ್’, ಚುಚ್ಚಿದಾಗ ‘ನ್ಯೂ... ಯುಎಸ್‌ಬಿ ಡಿವೈಸ್’ ಎಂಬ ಸಾಲು ಬರಬೇಕು. ಬಂದರೆ, ವೈರು ಮೌಸಿಗೆ ಸೇರುವ ಕಡೆ ಅದನ್ನು ಮೆಲ್ಲಗೆ ಬಾಗಿಸಿ ನೋಡಿ. ಬಾಗಿಸಿದಾಗಲೆಲ್ಲ ಡಿಸ್‌ಕನೆಕ್ಟ್ ಎಂದು ಬಂದರೆ ತಂತಿ ಒಳಗೇ ತುಂಡಾಗಿದೆ. ಮಕ್ಕಳು ಎಳೆದಾಡುವ ಮೌಸಿನಲ್ಲಿ ನನಗೆ ಮೊದಲು ಅನುಮಾನ ಬರುವುದು ಈ ಜಾಗದ ಮೇಲೆಯೇ.

ಸುಮ್ಮನೆ ಬಿಟ್ಟಾಗ ನಿಂತು, ಬಟನ್ ಒತ್ತಿದೊಡನೆ ಎದ್ದರೆ ಅದು ಕರೆಂಟ್ ಉಳಿತಾಯದ ಕೆಲಸ. ಲಿನಕ್ಸ್ ಸಾಮಾನ್ಯವಾಗಿ ತಾನಾಗಿ ಮೌಸನ್ನು ಮಲಗಿಸುವುದಿಲ್ಲ. ಯಾರಾದರೂ ಕರೆಂಟ್ ಉಳಿಸುವ ಪವರ್‌ಟಾಪ್ ಎಂಬ ಪ್ರೋಗ್ರಾಂ ಹಾಕಿ ಅದರ ಆಟೊ-ಟ್ಯೂನ್ ಓಡಿಸಿದ್ದರೆ 2 ಸೆಕೆಂಡಿಗೇ ಮಲಗೀತು. ಪವರ್‌ಟಾಪಿನ ಟ್ಯೂನಬಲ್ಸ್ ಪುಟದಲ್ಲಿ ಮೌಸಿನ ಸಾಲಿಗೆ ಹೋಗಿ, ಎಂಟರ್ ಒತ್ತಿ ‘ಗುಡ್’ ಇದ್ದದ್ದನ್ನು ‘ಬ್ಯಾಡ್’ ಮಾಡಿ. ಬ್ಯಾಡ್ ಎಂದರೆ ಕರೆಂಟ್ ಉಳಿಯುವುದಿಲ್ಲ ಎಂದಷ್ಟೇ. ಕಂಪ್ಯೂಟರ್ ಶುರುವಾಗುವಾಗ ಆಟೊ-ಟ್ಯೂನ್ ಓಡುವಂತೆ ಇಟ್ಟಿದ್ದರೆ ಅದನ್ನೂ ತೆಗೆಸಿ.

ಯುಎಸ್‌ಬಿಹಿಡ್ ಎಂಬ, ಮೌಸ್ ನಡೆಸುವ ಡ್ರೈವರನ್ನು ತೆಗೆದು ಮತ್ತೆ ಹಾಕಿರೆಂದು ಯಾರಾದರೂ ಹೇಳಿದರೆ ಕೇಳಬೇಡಿ. ಯುಎಸ್‌ಬಿ ಕೀಬೋರ್ಡೂ ಅದನ್ನೇ ನಂಬಿದೆ. ತೆಗೆದ ಕೂಡಲೇ ಅದೂ ನಿಂತು, ಮತ್ತೆ ಹಾಕುವ ಆಜ್ಞೆ ಬರೆಯಲೂ ದಾರಿ ಇರುವುದಿಲ್ಲ.

ಪಾಠ ಅರ್ಧಕ್ಕೆ ನಿಲ್ಲಬಾರದಲ್ಲ, ಅದಕ್ಕೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಮೌಸ್ ಕೀಸ್’ ಎಲ್ಲಿದೆ ಎಂದು ಇವತ್ತೇ ನೋಡಿಟ್ಟುಕೊಳ್ಳಿ. ಅದನ್ನು ಆನ್ ಮಾಡಿ ನಮ್ ಲಾಕ್ ಆರಿಸಿದರೆ ಬಲಗಡೆಯ ಅಂಕಿಗಳಲ್ಲಿ 8, 2, 4, 6 ಬಾಣವನ್ನು ನಡೆಸುತ್ತವೆ, 5 ಕ್ಲಿಕ್ ಮಾಡುತ್ತದೆ.