‘ಡಬಲ್ ಟೋನ್ಡ್’ ಎಂದರೆ ಎರಡು ಪಟ್ಟು ಗಟ್ಟಿ ಹಾಲೇ?



ರಾಸು ಬತ್ತಿದ ದಿನಗಳಲ್ಲಿ ಉತ್ಪಾದಕರ ಮನೆಗೂ ಪ್ಯಾಕೆಟ್ ಹಾಲು ಬರುವುದುಂಟು. ಅದರ ಮೇಲೆ ‘ಡಬಲ್ ಟೋನ್ಡ್’ ಎಂದಿದ್ದರೆ, ಎರಡು ಪಟ್ಟು ಗಟ್ಟಿ ಹಾಲೆಂದು ತಿಳಿಯುವವರಿದ್ದಾರೆ. ಸಂಗತಿ ಇದಕ್ಕೆ ವಿರುದ್ಧವಾಗಿದೆ.

‘ಟೋನ್ಡ್’ ಎಂದರೆ ಹದಕ್ಕೆ ತಂದದ್ದು. ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿ ಮತ್ತು ನೀರನ್ನು ಲೆಕ್ಕವಾಗಿ ಸೇರಿಸಿ, ಜಿಡ್ಡು ಇಳಿಸಿ, ಕಡಿಮೆ ಬೆಲೆಗೆ ಹೆಚ್ಚು ಜನರಿಗೆ ಹಾಲು ಒದಗಿಸುವ ಈ ಕ್ರಮವನ್ನು 1940ರ ದಶಕದಲ್ಲಿ ಮುಂಬಯಿಯಲ್ಲಿ ರೂಢಿಗೆ ತಂದವರು ದಾರಾ ಖುರೋಡಿ. ಇವರು 1963ರಲ್ಲಿ ಕುರಿಯನ್ ಮತ್ತು ತ್ರಿಭುವನದಾಸ್ ಪಟೇಲರೊಡನೆ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು.

‘ಡಬಲ್’ ಎಂಬುದು ಹಾಲಿಗೆ ಹೇಳಿದ ಮಾತಲ್ಲ, ‘ಟೋನ್ಡ್’ ಎಂಬುದಕ್ಕೆ ಹೇಳಿದ ಮಾತು. ‘ಎರಡು ಸಲ ಜರಡಿ ಹಿಡಿದ ರಾಗಿಹಿಟ್ಟು’ ಎಂದಾಗ ಹಿಟ್ಟು ಎರಡರಷ್ಟಾಗುವುದಿಲ್ಲ. ಜರಡಿ ಹಿಡಿದದ್ದು ಎರಡು ಸಲ, ಅಷ್ಟೆ. ಇದೂ ಹಾಗೆಯೇ. ನಿಗದಿತ ಕನಿಷ್ಠ ಪ್ರಮಾಣ ಹೀಗಿದೆ:

ಟೋನ್ಡ್: ಜಿಡ್ಡು ಶೇ. 3.0, ಜಿಡ್ಡೇತರ ಘನಾಂಶ ಶೇ. 8.5
ಡಬಲ್ ಟೋನ್ಡ್: ಜಿಡ್ಡು ಶೇ. 1.5, ಜಿಡ್ಡೇತರ ಘನಾಂಶ ಶೇ. 9.0

ಜಿಡ್ಡು ಅರ್ಧವಾಗಿದೆ, ಆದರೆ ಜಿಡ್ಡೇತರ ಘನಾಂಶ, ಅಂದರೆ ಸಸಾರಜನಕ, ಹಾಲಿನ ಸಕ್ಕರೆ ಮತ್ತು ಖನಿಜಗಳು, ಹೆಚ್ಚಿದೆ. ಆದ್ದರಿಂದ ಇದು ಬರೀ ನೀರು ಬೆರೆಸಿದ ಹಾಲಲ್ಲ. ಜಿಡ್ಡು ಕಡಿಮೆ ಮಾಡಬೇಕಾದ ದೊಡ್ಡವರಿಗೆ ಇದು ಒಳ್ಳೆಯದು. ಆದರೆ ಒಂದು ವರ್ಷ ದಾಟಿ ಎರಡು ತುಂಬದ ಮಗುವಿನ ಬೆಳವಣಿಗೆಗೆ ಜಿಡ್ಡು ಬೇಕು. ಅದಕ್ಕೆ ಇದನ್ನು ಕೊಡಬೇಡಿ. ಹೆಸರಿನ ‘ಡಬಲ್’ ನೋಡಿ ಮೋಸಹೋಗಬೇಡಿ.

ಸಂಘದಲ್ಲಿ ಘನಾಂಶವನ್ನು ಏಕೆ ಅಳೆಯುತ್ತಾರೆಂಬುದೂ ಇದರಿಂದಲೇ ತಿಳಿಯುತ್ತದೆ. ಜಿಡ್ಡು ಶೇ. 3.5, ಘನಾಂಶ ಶೇ. 8.5 ಇರುವ 9 ಕೆ.ಜಿ. ಹಾಲಿಗೆ 1 ಕೆ.ಜಿ. ನೀರು ಬಿದ್ದರೆ ಜಿಡ್ಡು ಶೇ. 3.15ಕ್ಕೆ ಇಳಿಯುತ್ತದೆ, ನೋಡಲು ಪರವಾಗಿಲ್ಲ ಎನಿಸುತ್ತದೆ. ಘನಾಂಶ ಮಾತ್ರ ಶೇ. 7.65ಕ್ಕೆ ಕುಸಿದು ಗುಟ್ಟು ರಟ್ಟು ಮಾಡುತ್ತದೆ.

ನೀರು ಸೋಕದೆಯೂ ಘನಾಂಶ ಇಳಿಯಬಹುದು. ಬೇಸಿಗೆಯಲ್ಲಿ ಬರೀ ರಾಗಿಹುಲ್ಲು ತಿಂದ ಮಿಶ್ರತಳಿ ಹಸುವಿಗೆ ಶಕ್ತಿ ಸಾಲದು. ಕಣ್ಣಿಗೆ ಕಾಣದ ಕೆಚ್ಚಲು ಬಾವೂ ಕಾರಣವಾಗಬಹುದು. ಆದ್ದರಿಂದ ಹಸಿರು ಮೇವು, ಪಶು ಆಹಾರ, ಖನಿಜ ಮಿಶ್ರಣ ಕೊಡಿ. ನೆರಳು, ನೀರು ಒದಗಿಸಿ. ಘನಾಂಶ ಸತತವಾಗಿ ಇಳಿದರೆ ಕೆಚ್ಚಲನ್ನು ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ.