ಅಂಗಳದಲ್ಲಿ ನಿಂತ ನೀರು ಮತ್ತು ಮನೆಯವರ ಆರೋಗ್ಯ

ಕಳೆದ ಮಳೆಗಾಲದಲ್ಲಿ ಬೆಳಗಾವಿಯ ಉದ್ಯಮಬಾಗದ ಒಂದೇ ಮನೆಯಿಂದ ಮೂವರು ಒಬ್ಬರ ಹಿಂದೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ಮೊದಲು ಯಜಮಾನರಿಗೆ ಜ್ವರ ಮತ್ತು ಮೈಕೈನೋವು. ಎಂಟು ದಿನ ಕಳೆಯುವುದರೊಳಗೆ ಸೊಸೆಗೆ ಅದೇ ತೊಂದರೆ. ಆಮೇಲೆ ಅಜ್ಜಿ ಕಾಲ್ಬೆರಳುಗಳ ಸಂದಿಯ ಕೆಸರುಹುಣ್ಣು ತೋರಿಸಲು ಬಂದರು. ನಾಡಿ ನೋಡಿದೆವು, ಹಸಿವು ನಿದ್ರೆಗಳನ್ನು ವಿಚಾರಿಸಿದೆವು, ಔಷಧ ಕೊಟ್ಟೆವು. ಗುಣವೂ ಆಯಿತು. ಆದರೆ ಹದಿನೈದು ದಿನಗಳಲ್ಲಿ ಅದೇ ಮನೆಯ ಆರು ವರ್ಷದ ಮಗು ಜ್ವರದಿಂದ ಬಳಲಿ ಬಂದಾಗ ರಕ್ತಪರೀಕ್ಷೆಯಲ್ಲಿ ಡೆಂಗೀ ಎಂದು ತಿಳಿಯಿತು. ಮಗುವನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆಗ ನಮಗೆ ನಾಚಿಕೆಯೆನಿಸಿತು. ಇಷ್ಟೆಲ್ಲ ಕೇಳಿದ ನಾವು, ನಿಮ್ಮ ಮನೆಯ ಮಳೆನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ರೋಗದ ಕಾರಣವನ್ನು ದೂರ ಮಾಡುವುದೇ ಮೊದಲ ಚಿಕಿತ್ಸೆ ಎಂಬ ನಿದಾನಪರಿವರ್ಜನದ ಮಾತನ್ನು ವಿದ್ಯಾರ್ಥಿದೆಸೆಯಿಂದ ಹೇಳಿಕೊಂಡು ಬಂದವರು ನಾವು. ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ವಾಯು, ಜಲ, ದೇಶ, ಕಾಲ ಈ ನಾಲ್ಕು ಕೆಟ್ಟಾಗ ಊರಿಗೆ ಊರೇ ರೋಗಕ್ಕೀಡಾಗುವ ಬಗೆಯನ್ನು ವಿವರಿಸುತ್ತದೆ. ಕೆಟ್ಟ ದೇಶದ ಲಕ್ಷಣಗಳಲ್ಲಿ ಸೊಳ್ಳೆ, ನೊಣ, ಇಲಿಗಳ ಹೆಚ್ಚಳವನ್ನೂ ಅಲ್ಲಿ ಹೆಸರಿಸಲಾಗಿದೆ. ದೇಶವೆಂದರೆ ನಾಡೇ ಆಗಬೇಕಿಲ್ಲ. ಮನೆಯ ಹಿತ್ತಲೂ ಒಂದು ದೇಶವೇ.

ಮುಂದಿನ ರವಿವಾರ ಆ ಮನೆಗೆ ಹೋದೆವು. ಹಿತ್ತಲು ಚಿಕ್ಕದು. ಮಾಳಿಗೆಯ ಕೊಳವೆಯೊಂದು ಮನೆಯ ಮೂಲೆಯಲ್ಲಿಯೇ ನೀರು ಸುರಿಯುತ್ತಿತ್ತು. ಆ ನೀರು ಅಡಿಪಾಯಕ್ಕೆ ತಾಗಿಕೊಂಡು ಪಾದ ಮುಳುಗುವಷ್ಟು ನಿಂತು ಹಸಿರುಗಟ್ಟಿತ್ತು. ಬಟ್ಟೆ ಒಣಹಾಕಲು ಅದನ್ನು ದಾಟಬೇಕಲ್ಲ, ಅದಕ್ಕಾಗಿ ಮನೆಯವರು ಹಳೆಯ ಟೈರುಗಳನ್ನು ಮೆಟ್ಟಿಲಿನಂತೆ ಸಾಲಾಗಿ ಹಾಸಿದ್ದರು. ಡೆಂಗೀ ಹರಡುವ ಈಡಿಸ್ ಸೊಳ್ಳೆಗೆ ಕೊಳೆತ ಹೊಂಡಕ್ಕಿಂತ ಪಾತ್ರೆಯಂತಹ ಜಾಗದಲ್ಲಿ ನಿಂತ ತಿಳಿನೀರು ಪ್ರಿಯ. ಟೈರುಗಳ ಒಳಮಡಿಕೆಯ ನೀರಿನಲ್ಲಿ ಮರಿಹುಳುಗಳು ಕುಣಿಯುತ್ತಿದ್ದವು. ಹೊಂಡ ಇಲ್ಲದಿದ್ದರೆ ಆ ಟೈರುಗಳು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಕೊಳೆನೀರಿನಲ್ಲಿ ಬೆಳೆಯುವುದು ಕ್ಯೂಲೆಕ್ಸ್ ಸೊಳ್ಳೆ. ಆನೆಕಾಲು ರೋಗವನ್ನೂ ಮೆದುಳುಜ್ವರದ ಒಂದು ಬಗೆಯನ್ನೂ ಹರಡುವುದು ಅದು. ಇಲಿಯ ಮೂತ್ರ ಬೆರೆತ ಕೆಸರಿನಲ್ಲಿ ಗಾಯವಿರುವ ಬರಿಗಾಲಿನಿಂದ ಓಡಾಡಿದರೆ ಇಲಿಜ್ವರದ ಭಯವೂ ಉಂಟು. ಮಳೆಗಾಲದಲ್ಲಿ ಬರಿಗಾಲಿನ ನಡಿಗೆ ಬೇಡವೆಂದು ವಾಗ್ಭಟಾಚಾರ್ಯರು ಋತುಚರ್ಯೆಯಲ್ಲಿ ಹೇಳಿರುವುದು ಅಜ್ಜಿಯ ಕಾಲನ್ನು ನೋಡಿದಾಗ ನೆನಪಾಯಿತು.

ನೀರಿನ ಪ್ರಮಾಣವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ. 1000 ಚದರ ಅಡಿಯ ಮಾಳಿಗೆಯ ಮೇಲೆ 1 ಸೆಂ.ಮೀ. ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು ಕೊಳವೆಯಿಂದ ಇಳಿಯುತ್ತದೆ. 10 ಸೆಂ.ಮೀ. ಸುರಿಯುವ ದಿನಗಳು ನಮ್ಮ ಬೆಳಗಾವಿಗೆ ಹೊಸವಲ್ಲ. ಅಂಥ ದಿನ ಒಂಬತ್ತು ಸಾವಿರ ಲೀಟರ್ ಮೀರಿದ ನೀರು ಒಂದೇ ಮೂಲೆಗೆ ಬೀಳುತ್ತದೆ. 2019ರ ಆಗಸ್ಟ್ ತಿಂಗಳನ್ನು ಯಾರು ಮರೆತಾರು? ಆದ್ದರಿಂದ ಮೊದಲ ಕೆಲಸ ಕೊಳವೆಯದು. ಅದನ್ನು ಗೋಡೆಯಿಂದ ಕನಿಷ್ಠ 10 ಅಡಿ ದೂರಕ್ಕೆ ಒಯ್ಯಬೇಕು, ಇಲ್ಲವೇ ಮುಚ್ಚಿದ ತೊಟ್ಟಿಗೆ ಇಳಿಸಬೇಕು. ಅನೇಕ ಮನೆಗಳಲ್ಲಿ ಇಷ್ಟರಿಂದಲೇ ಅರ್ಧ ಸಮಸ್ಯೆ ಮುಗಿಯುತ್ತದೆ.

ಎರಡನೆಯದು ಇಳಿಜಾರು. ಮಣ್ಣಿನ ಅಂಗಳವಾದರೆ ಗೋಡೆಯಿಂದ ಹೊರಗೆ ಮೊದಲ 10 ಅಡಿಯಲ್ಲಿ 6 ಅಂಗುಲ ತಗ್ಗಿರಬೇಕು. ಫರಸಿ ಹಾಸಿದ್ದರೆ ಎರಡೂವರೆ ಅಂಗುಲ ಸಾಕು. ಕಣ್ಣಳತೆಯನ್ನು ನಂಬಬಾರದು. ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ನಳಿಕೆಯಿಂದ ಅಳೆದರೆ ಸತ್ಯ ಹೊರಬೀಳುತ್ತದೆ. ಆ ಮನೆಯ ಹಿತ್ತಲು ಹೊರಗೆ ಇಳಿದಂತೆ ಕಾಣುತ್ತಿದ್ದರೂ ಅಳೆದಾಗ ಮನೆಯ ಕಡೆಗೇ ಎರಡು ಅಂಗುಲ ವಾಲಿತ್ತು.

ಹೀಗೆ ವಾಲಲು ಕಾರಣ ಭರಾವು ಮಣ್ಣು. ಇಲ್ಲಿ ಉದ್ಯಮಬಾಗದ ವಿಶೇಷವೊಂದನ್ನು ಹೇಳಲೇಬೇಕು. ನಮ್ಮ ಭಾಗ ಎರಕದ ಕಾರಖಾನೆಗಳಿಗೆ ಹೆಸರಾದದ್ದು. ಬಳಸಿ ಬಿಟ್ಟ ಎರಕದ ಕಪ್ಪು ಮರಳು ಅಗ್ಗವಾಗಿ ಸಿಗುತ್ತದೆಂದು ತಗ್ಗು ಜಾಗಗಳಿಗೆ ತುಂಬುವವರುಂಟು. ಮರಳಲ್ಲವೇ, ನೀರು ಇಂಗೀತು ಎಂಬ ಭಾವನೆ. ನಾವೂ ಹಿಂದೊಮ್ಮೆ ನಮ್ಮ ಅಂಗಳಕ್ಕೆ ಹಾಗೆಯೇ ತುಂಬಿಸಿ, ಮರುವರ್ಷ ಕೆರೆಯಂತಾದ ಅಂಗಳವನ್ನು ನೋಡಿ ಬೆಪ್ಪಾಗಿದ್ದೆವು. ಅಚ್ಚು ಗಟ್ಟಿಯಾಗಿ ನಿಲ್ಲಲೆಂದು ಆ ಮರಳಿಗೆ ಬೆಂಟೊನೈಟ್ ಎಂಬ ಜೇಡಿಯನ್ನು ಬೆರೆಸಿರುತ್ತಾರೆ. ನೀರು ತಾಗಿದೊಡನೆ ಅದು ಉಬ್ಬಿ ಕಣಗಳ ನಡುವಿನ ದಾರಿಯನ್ನು ಮುಚ್ಚಿಬಿಡುತ್ತದೆ. ಚೆನ್ನಾಗಿ ತುಳಿದು ಕೂರಿಸಿದ ಮೇಲಂತೂ ಅದು ಕೆರೆಯ ತಳಕ್ಕೆ ಮೆತ್ತಿದ ಜೇಡಿಯಂತೆಯೇ. ಅದರಲ್ಲಿ ಲೋಹದ ಕಣಗಳೂ ಉಳಿದಿರಬಹುದಾದ್ದರಿಂದ ಬಾವಿಯ ಹತ್ತಿರ ಸುರಿಯುವುದಂತೂ ಸಲ್ಲದು. ತುಂಬಿಸಿಯಾಗಿದ್ದರೆ ಮೇಲಿನ ಒಂದೂವರೆ ಅಡಿಯನ್ನು ತೆಗೆಸಿ ಮುರುಮು ಮತ್ತು ಒಳ್ಳೆಯ ಮಣ್ಣನ್ನು ಹಾಕಿಸುವುದೇ ಉಪಾಯ. ಖರ್ಚು ಬರುತ್ತದೆ, ಬೇರೆ ದಾರಿಯಿಲ್ಲ.

ನಿಮ್ಮ ನೆಲ ನೀರು ಕುಡಿಯುತ್ತದೆಯೋ ಇಲ್ಲವೋ ತಿಳಿಯಲು ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ ರಾತ್ರಿ ನೀರು ತುಂಬಿರಿ. ಬೆಳಿಗ್ಗೆ ಮತ್ತೆ ತುಂಬಿ, ಒಂದು ಕೋಲಿನಿಂದ ಅಳೆಯಿರಿ. ತಾಸಿಗೆ ಒಂದು ಅಂಗುಲ ಅಥವಾ ಹೆಚ್ಚು ಇಳಿದರೆ ಇಂಗುಗುಂಡಿ ಕೆಲಸ ಮಾಡುತ್ತದೆ. ಅರ್ಧ ಅಂಗುಲವೂ ಇಳಿಯದಿದ್ದರೆ ಗುಂಡಿ ತೋಡುವುದು ವ್ಯರ್ಥ, ನೀರನ್ನು ಹೊರಗೆ ಸಾಗಿಸಬೇಕು. ಅದಕ್ಕೆ ಒಂದು ಅಡಿ ಅಗಲ, ಎರಡು ಅಡಿ ಆಳದ ಕಾಲುವೆ ತೋಡಿ, ಜಾಲಿಬಟ್ಟೆ ಹಾಸಿ, ತಳದಲ್ಲಿ ಖಡಿ ಹರಡಿ, ರಂಧ್ರವಿರುವ ಪಿವಿಸಿ ಕೊಳವೆಯನ್ನು ರಂಧ್ರಗಳು ಕೆಳಮುಖವಾಗುವಂತೆ ಇಟ್ಟು, ಮತ್ತೆ ಖಡಿಯಿಂದ ಮುಚ್ಚಬೇಕು. 100 ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಬೇಕು. ಕೊನೆ ಮಳೆನೀರಿನ ಗಟಾರಕ್ಕೆ ಸೇರಲಿ. ಶೌಚದ ಒಳಚರಂಡಿಯ ಚೇಂಬರಿಗೆ ಮಳೆನೀರನ್ನು ಬಿಡುವವರಿದ್ದಾರೆ. ಜೋರು ಮಳೆಯಲ್ಲಿ ಅದು ಉಕ್ಕಿ ಓಣಿಯ ತಗ್ಗಿನ ಮನೆಗಳ ಬಚ್ಚಲಿನಲ್ಲಿ ಮೇಲೇಳುತ್ತದೆ. ನೆರೆಯವರ ಗೋಡೆಗೆ ನೀರು ತಿರುಗಿಸುವುದೂ ಅದೇ ಬಗೆಯ ಅನ್ಯಾಯ.

ಖಾನಾಪುರದ ಓದುಗರಿಗೆ ಮೇಲಿನ ಮಾತು ಪೂರ್ತಿ ಒಗ್ಗದು. ಅಲ್ಲಿ ಮಳೆ ನಮಗಿಂತ ಬಹಳ ಹೆಚ್ಚು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗಂತೂ ಹೇಳುವುದೇ ಬೇಡ. ಕುಂಬಾರಿಕೆಗೂ ಹೆಂಚಿಗೂ ಒದಗುವ ಅಲ್ಲಿನ ಜೇಡಿಮಣ್ಣು ನೀರನ್ನು ಬೇಗ ಇಳಿಸುವುದಿಲ್ಲ. ಜಂಬಿಟ್ಟಿಗೆಯ ದಿಣ್ಣೆಗಳಲ್ಲಿ ನೀರು ಇಂಗಿದರೂ ಆಷಾಢದ ಹೊತ್ತಿಗೆ ಅಂತರ್ಜಲವೇ ಮೇಲೆ ಬಂದಿರುತ್ತದೆ. ತುಂಬಿದ ಕೊಡಕ್ಕೆ ನೀರು ಸುರಿದಂತೆ ಅಲ್ಲಿ ಇಂಗುಗುಂಡಿ ಮಳೆಗಾಲವಿಡೀ ತುಂಬಿಯೇ ನಿಲ್ಲುತ್ತದೆ. ಅಂಥಲ್ಲಿ ಹಳೆಯ ಮನೆಗಳಂತೆ ಜಗುಲಿಯನ್ನು ಎತ್ತರಿಸಿ, ಸೂರಿನ ನೀರು ಬೀಳುವೆಡೆ ಕಲ್ಲು ಹಾಸಿ, ತೆರೆದ ಕಾಲುವೆಯಿಂದ ಹೊಲದ ಕಡೆಗೆ ಹರಿಸುವುದೇ ಜಾಣತನ. ಎಲ್ಲಿಯೇ ಆಗಲಿ, ಕೊಳೆನೀರಿನ ಗುಂಡಿ ಕುಡಿಯುವ ಬಾವಿಯಿಂದ 50 ಅಡಿಯಾದರೂ ದೂರವಿರಬೇಕು. ಬಚ್ಚಲ ನೀರು ಹರಿಯುವಲ್ಲಿ ಬಾಳೆ, ಕೆಸು, ಲಾವಂಚ ನೆಟ್ಟರೆ ಉಪಯೋಗವುಂಟು. ಆದರೆ ಗಿಡಗಳು ಇಳಿಜಾರಿನ ಕೆಲಸವನ್ನು ಮಾಡಲಾರವು.

ಸೊಳ್ಳೆಯ ಮೊಟ್ಟೆಯಿಂದ ರೆಕ್ಕೆ ಬಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು. ಮಳೆ ನಿಂತ ಎರಡು ದಿನಗಳೊಳಗೆ ಅಂಗಳ ಒಣಗಿದರೆ ಸಾಕು. ಟೈರು, ತೆಂಗಿನ ಚಿಪ್ಪು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂಬದಿಯ ತಟ್ಟೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಬೇಕು. ಈಡಿಸ್‌ನ ಮೊಟ್ಟೆಗಳು ಒಣಗಿದ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುವುದರಿಂದ ಬರಿದೇ ಚೆಲ್ಲಿದರೆ ಸಾಲದು. ಬೇವಿನ ಹೊಗೆ ಹಾಕುತ್ತೇವಲ್ಲ ಎಂದು ಹಲವರು ಹೇಳುತ್ತಾರೆ. ಹಾಕಿರಿ, ಸಂಜೆ ಒಂದಿಷ್ಟು ಹೊತ್ತು ಸೊಳ್ಳೆ ದೂರವಿದ್ದೀತು. ಹೊಗೆಯಿಂದ ಹಿತ್ತಲಿನ ನೀರು ಹರಿದುಹೋಗದು.

ಇನ್ನು ಜ್ವರ ಬಂದರೆ ರಕ್ತಪರೀಕ್ಷೆಯನ್ನು ಮುಂದೂಡಬೇಡಿ. ಆಯುರ್ವೇದ ವೈದ್ಯರಾಗಿಯೇ ಈ ಮಾತನ್ನು ಹೇಳುತ್ತಿದ್ದೇವೆ. ಪಪ್ಪಾಯಿ ಎಲೆಯ ರಸವನ್ನು ನಂಬಿ ಕೂಡಬಾರದು. ಆಸ್ಪಿರಿನ್, ಐಬುಪ್ರೊಫೇನ್‌ನಂತಹ ನೋವಿನ ಗುಳಿಗೆಗಳನ್ನು ತಾವಾಗಿಯೇ ನುಂಗಬಾರದು, ಡೆಂಗೀಯಲ್ಲಿ ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಜ್ವರ ಇಳಿಯುವ ದಿನಗಳಲ್ಲಿಯೇ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನ ರಕ್ತ, ವಿಪರೀತ ಸುಸ್ತು ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಮಗು ಗುಣವಾಗಿ ಮನೆಗೆ ಮರಳಿತು. ಮನೆಯವರು ದೀಪಾವಳಿಯ ನಂತರ ಕಪ್ಪು ಮರಳನ್ನು ತೆಗೆಸಿ ಕಾಲುವೆ ತೋಡಿಸಿದ್ದಾರೆ. ಈ ಕೆಲಸಗಳನ್ನು ನೆಲ ಒಣಗಿರುವ ಬೇಸಿಗೆಯಲ್ಲಿ, ಮಿರಗದ ಮಳೆಗೆ ಮೊದಲೇ ಮುಗಿಸಬೇಕು. ಮೊದಲ ಜೋರು ಮಳೆ ಬಿದ್ದಾಗ ಕೊಡೆ ಹಿಡಿದು ಅಂಗಳದಲ್ಲಿ ಹತ್ತು ನಿಮಿಷ ನಿಂತು ನೀರಿನ ದಾರಿಯನ್ನು ನೋಡಿರಿ. ಎಲ್ಲಿ ತಡೆಯುತ್ತದೆಯೋ ಅಲ್ಲಿ ಆಗಲೇ ಒಂದು ಗೂಟ ನೆಟ್ಟು ಗುರುತು ಮಾಡಿಕೊಳ್ಳಿರಿ, ಮಳೆ ನಿಂತ ಮೇಲೆ ಆ ಜಾಗ ನೆನಪಿರುವುದಿಲ್ಲ.